ಪರಸ್ಥಳದ ಗೆಲುವು

ಸ್ವಂತ ಊರಿನ ಅಂಗಳದಲ್ಲಿ ಗೆಲ್ಲುವುದು ಒಂದು ಬಗೆ. ಎದುರಾಳಿಯ ಊರಿಗೆ ಹೋಗಿ, ಅವನ ಜನರ ಕಣ್ಣೆದುರಿನಲ್ಲಿ ಗೆದ್ದು ಬರುವುದು ಬೇರೆಯೇ ಒಂದು ಬಗೆ. ಮೊದಲನೆಯದರಲ್ಲಿ ಗೆದ್ದವನ ಬೆನ್ನಿಗೆ ಸಾವಿರಾರು ಕಂಠಗಳಿರುತ್ತವೆ. ಎರಡನೆಯದರಲ್ಲಿ ಅವನು ಎಂತಹ ಸಾಹಸವನ್ನು ಮೆರೆದರೂ ಅದಕ್ಕೆ ಮೊದಲು ಸಿಗುವ ಮರ್ಯಾದೆಯೆಂದರೆ ನೆರೆದವರ ಮೌನ. ನಮ್ಮ ಹಳೆಯ ಕವಿಗಳು ವೀರನ ಪರಾಕ್ರಮವನ್ನು ಬಣ್ಣಿಸುವಾಗ ಎದುರು ಪಾಳೆಯದ ಕಳವಳವನ್ನೂ ಬಣ್ಣಿಸುವುದುಂಟು. ವೀರಕ್ಕೆ ಅಳತೆಗೋಲು ಎದುರಿನವರ ಭಯವೇ ಎಂಬುದನ್ನು ಅವರು ಬಲ್ಲವರಾಗಿದ್ದರು. ಬೇಸ್‌ಬಾಲ್ ಎಂಬ ಅಮೆರಿಕದ ಆಟದಲ್ಲಿ ಈ ಮಾತಿಗೆ ಒಂದು ಅಪೂರ್ವ ನಿದರ್ಶನವಿದೆ. ಅದು 1926ನೆಯ ಇಸವಿ ಅಕ್ಟೋಬರ್ 6ರಂದು ಸೇಂಟ್ ಲೂಯಿಸ್ ನಗರದಲ್ಲಿ ನಡೆದ ಒಂದು ಪಂದ್ಯ.

ಆ ಕಾಲದಲ್ಲಿ ಅಮೆರಿಕದ ಎರಡು ದೊಡ್ಡ ಲೀಗುಗಳ ಊರುಗಳ ಪೈಕಿ ಪಶ್ಚಿಮಕ್ಕೆ ತೀರ ಕೊನೆಯದು ಸೇಂಟ್ ಲೂಯಿಸ್. ಮಿಸಿಸಿಪಿ ನದಿಯ ದಡದ ಈ ಊರಿನ ಕಾರ್ಡಿನಲ್ಸ್ ತಂಡ ತನ್ನ ಲೀಗಿನಲ್ಲಿ ಮೊಟ್ಟಮೊದಲ ಬಾರಿಗೆ ಅಗ್ರಸ್ಥಾನ ಪಡೆದು ‘ವರ್ಲ್ಡ್ ಸೀರೀಸ್’ ಎಂಬ ಅಂತಿಮ ಸರಣಿಗೆ ಬಂದದ್ದು ಆ ವರ್ಷವೇ. ಊರಿಗೆ ಊರೇ ಹಿಗ್ಗಿನಲ್ಲಿ ಮುಳುಗಿದ್ದರೆ ಆಶ್ಚರ್ಯವೇನು? ಎದುರಾಳಿ ನ್ಯೂಯಾರ್ಕಿನ ಯಾಂಕೀಸ್. ಏಳು ಪಂದ್ಯಗಳಲ್ಲಿ ನಾಲ್ಕನ್ನು ಮೊದಲು ಗೆದ್ದವರಿಗೆ ಕಿರೀಟ. ಮೂರು ಪಂದ್ಯಗಳು ಮುಗಿದಾಗ ಸೇಂಟ್ ಲೂಯಿಸ್ ಎರಡನ್ನು ಗೆದ್ದಿತ್ತು. ಅದರಲ್ಲೂ ಮೂರನೆಯ ಪಂದ್ಯದಲ್ಲಿ, ತನ್ನ ಅಂಗಳದಲ್ಲಿ, ಯಾಂಕೀಸರಿಗೆ ಒಂದೇ ಒಂದು ರನ್ನನ್ನೂ ಕೊಡದೆ 4-0ರಿಂದ ಸೋಲಿಸಿತ್ತು. ನಾಲ್ಕನೆಯದನ್ನೂ ಕಳೆದುಕೊಂಡರೆ ನ್ಯೂಯಾರ್ಕಿನವರು ಸೋಲಿನ ಅಂಚಿಗೆ ಬಂದು ನಿಲ್ಲಬೇಕಾದ ಸ್ಥಿತಿ. ಆ ದಿನ ‘ಸ್ಪೋರ್ಟ್ಸ್‌ಮನ್ಸ್ ಪಾರ್ಕ್’ ಎಂಬ ಮೈದಾನದಲ್ಲಿ ಕೂಡಿದವರು ಮೂವತ್ತೆಂಟು ಸಾವಿರಕ್ಕೂ ಹೆಚ್ಚು ಜನ.

ಯಾಂಕೀಸರ ಭರವಸೆಯೆಲ್ಲ ಇದ್ದದ್ದು ಬೇಬ್ ರೂತ್ ಎಂಬಾತನ ದಾಂಡಿನಲ್ಲಿ. ಬಾಲ್ಟಿಮೋರ್ ನಗರದಲ್ಲಿ 1895ರಲ್ಲಿ ಹುಟ್ಟಿದ ಈತ ಏಳರ ಪ್ರಾಯದಲ್ಲಿಯೇ, ತಂದೆತಾಯಿಗಳ ಅಂಕೆಗೆ ಸಿಕ್ಕದವನೆಂದು, ಪಾದ್ರಿಗಳು ನಡೆಸುತ್ತಿದ್ದ ಒಂದು ಶಿಕ್ಷಣಾಲಯಕ್ಕೆ ಸೇರಿಸಲ್ಪಟ್ಟವನು. ಆಟ ಕಲಿತದ್ದು ಅಲ್ಲಿ. ಮೊದಲು ಹೆಸರು ಮಾಡಿದ್ದು ಬೋಸ್ಟನ್ ತಂಡದಲ್ಲಿ, ಅದೂ ಎಸೆತಗಾರನಾಗಿ. ಎಸೆಯುವವನ ಮನಸ್ಸಿನ ಒಳಹೊರಗುಗಳನ್ನು ತಿಳಿದವನು ದಾಂಡು ಹಿಡಿದರೆ ಏನಾದೀತು ಎಂಬುದನ್ನು ಆಮೇಲೆ ಜಗತ್ತು ಕಂಡಿತು. 1925ರಲ್ಲಿ ಈತ ಕಾಯಿಲೆ ಬಿದ್ದ. ತಂಡ ಎಂಟರಲ್ಲಿ ಏಳನೆಯ ಸ್ಥಾನಕ್ಕೆ ಕುಸಿಯಿತು. ಇವನ ಕಾಲ ಮುಗಿಯಿತೆಂದು ಹೇಳಿದವರೂ ಇದ್ದರು. ಮರುವರ್ಷ ಆತ 47 ಹೋಮ್ ರನ್‌ಗಳನ್ನು ಹೊಡೆದ.

ಹೋಮ್ ರನ್ ಎಂದರೆ ಚೆಂಡನ್ನು ಮೈದಾನದ ಎಲ್ಲೆಯಾಚೆಗೆ ಅಟ್ಟಿ, ನಾಲ್ಕು ಮೂಲೆಗಳನ್ನು ನಿರಾತಂಕವಾಗಿ ಸುತ್ತಿ ಬರುವುದು. ನಮ್ಮ ಕ್ರಿಕೆಟ್ಟಿನ ಸಿಕ್ಸರಿನ ಸೋದರ ಎನ್ನಬಹುದು. ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಕ್ರಿಕೆಟ್ಟಿನಲ್ಲಿ ಒಬ್ಬ ಸಮರ್ಥನು ಬೇರೂರಿ ನಿಂತನೆಂದರೆ ಔಟಾಗುವವರೆಗೆ ದಿನವಿಡೀ ಆಡುತ್ತಲೇ ಇರಬಹುದು. ಬೇಸ್‌ಬಾಲಿನಲ್ಲಿ ಹಾಗಿಲ್ಲ. ಎಂತಹ ಹೊಡೆತ ಹೊಡೆದರೂ ಹೊಡೆದವನು ದಾಂಡನ್ನು ಕೆಳಗಿಟ್ಟು ಹೊರಡಲೇಬೇಕು. ಉಳಿದ ಎಂಟು ಜನರ ಸರದಿ ಕಳೆದ ಮೇಲಷ್ಟೇ ಅವನಿಗೆ ಮತ್ತೆ ಅವಕಾಶ. ಒಂದು ಪಂದ್ಯದಲ್ಲಿ ನಾಲ್ಕು ಸಲ, ಹೆಚ್ಚೆಂದರೆ ಐದು ಸಲ. ಸಾಲದುದಕ್ಕೆ ಎದುರಾಳಿಗೆ ಇನ್ನೊಂದು ಉಪಾಯವೂ ಉಂಟು. ಎಸೆತಗಾರನು ಹೊಡೆಯಲು ತಕ್ಕುದಲ್ಲದ ನಾಲ್ಕು ಚೆಂಡುಗಳನ್ನು ಎಸೆದುಬಿಟ್ಟರೆ, ದಾಂಡಿಗನು ಹೊಡೆಯದೆಯೇ ಮೊದಲನೆಯ ಮೂಲೆಗೆ ನಡೆದು ಹೋಗಬೇಕು. ಒಂದು ಮೂಲೆಯನ್ನು ದಾನವಾಗಿ ಕೊಟ್ಟು ದೊಡ್ಡ ನಷ್ಟವನ್ನು ತಪ್ಪಿಸಿಕೊಳ್ಳುವ ಹಂಚಿಕೆ ಇದು. ಒಬ್ಬನೇ ಮೆರೆಯದಂತೆ ಈ ಆಟಕ್ಕೆ ಅದರ ನಿಯಮಗಳೇ ಕಡಿವಾಣ ಹಾಕಿವೆ. ಆದ್ದರಿಂದ ಇದರಲ್ಲಿ ‘ಒಬ್ಬನಿಂದ ಬಂದ ಗೆಲುವು’ ಎಂದು ಯಾರಾದರೂ ಹೇಳಿದರೆ ತುಸು ಸಂಶಯದಿಂದಲೇ ಕೇಳಬೇಕು.

ಆ ಸಂಶಯವನ್ನು ಇಟ್ಟುಕೊಂಡೇ ಅಂದಿನ ಆಟವನ್ನು ನೋಡೋಣ. ಸೇಂಟ್ ಲೂಯಿಸಿನ ಪರವಾಗಿ ಚೆಂಡೆಸೆಯಲು ಬಂದವನು ಫ್ಲಿಂಟ್ ರೆಮ್, ಆ ವರ್ಷ ತನ್ನ ತಂಡಕ್ಕೆ ಇಪ್ಪತ್ತು ಗೆಲುವುಗಳನ್ನು ತಂದಿತ್ತ ಗಟ್ಟಿಗ. ಮೊದಲನೆಯ ಇನ್ನಿಂಗ್ಸಿನಲ್ಲಿಯೇ ರೂತ್ ಅವನ ಚೆಂಡನ್ನು ಬಲಬದಿಯ ಪ್ರೇಕ್ಷಕಾಂಗಣದ ಚಾವಣಿಯ ಮೇಲಿಂದ ಆಚೆಗೆ ಕಳುಹಿಸಿದ. ಮೂರನೆಯ ಇನ್ನಿಂಗ್ಸಿನಲ್ಲಿ ಮತ್ತೊಮ್ಮೆ ಅದೇ ಚಾವಣಿ, ಅದೇ ಎಸೆತಗಾರ, ಅದೇ ಗತಿ. ಹೀಗೆ ಹೊರಗೆ ಹೋದ ಚೆಂಡೊಂದು ರಸ್ತೆಯಾಚೆಯ ಮೋಟಾರು ವ್ಯಾಪಾರಿಯ ಅಂಗಡಿಯ ಗಾಜನ್ನು ಒಡೆಯಿತೆಂಬ ಮಾತೂ ಉಂಟು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಸೋಲಿನ ಕಥೆಯಾಗುತ್ತಿತ್ತು. ಏಕೆಂದರೆ ನಾಲ್ಕನೆಯ ಇನ್ನಿಂಗ್ಸಿನಲ್ಲಿ ಊರಿನವರು ಮೂರು ರನ್ ಸೇರಿಸಿ 4-3ರಿಂದ ಮುಂದಾದರು. ಎರಡು ಅದ್ಭುತ ಹೊಡೆತಗಳ ಬೆಲೆ ಒಟ್ಟು ಎರಡೇ ರನ್. ಚಾವಣಿಯ ಮೇಲಿಂದ ಹಾರಿತೆಂದು ಲೆಕ್ಕದವನು ಹೆಚ್ಚು ಬರೆದುಕೊಳ್ಳುವುದಿಲ್ಲವಷ್ಟೆ.

ಪಂದ್ಯ ತಿರುಗಿದ್ದು ಐದನೆಯ ಇನ್ನಿಂಗ್ಸಿನಲ್ಲಿ. ನನಗೆ ಅತ್ಯಂತ ಕುತೂಹಲಕರವಾಗಿ ಕಾಣುವ ಸಂಗತಿಯೆಂದರೆ, ಅದರಲ್ಲಿ ರೂತ್ ಹೊಡೆಯಲೇ ಇಲ್ಲ. ರೆಮ್‌ನ ಸರದಿ ಮುಗಿದಿತ್ತು. ಅವನ ಸ್ಥಾನದಲ್ಲಿ ಆರ್ಟ್ ರೈನ್‌ಹಾರ್ಟ್ ಬಂದಿದ್ದ. ಈತನಿಗೆ ಚೆಂಡನ್ನು ಸರಿಯಾದ ಜಾಗದಲ್ಲಿ ಎಸೆಯುವುದೇ ಆಗಲಿಲ್ಲ. ಒಬ್ಬರ ಹಿಂದೊಬ್ಬರಂತೆ ನ್ಯೂಯಾರ್ಕಿನವರು ಹೊಡೆಯದೆಯೇ ಮೊದಲ ಮೂಲೆಗೆ ನಡೆದರು; ಅವರಲ್ಲಿ ರೂತನೂ ಒಬ್ಬ. ಒಬ್ಬನೇ ಒಬ್ಬನನ್ನೂ ಔಟ್ ಮಾಡಲಾರದೆ ರೈನ್‌ಹಾರ್ಟ್ ಹಿಂತಿರುಗಿದ. ಆ ಇನ್ನಿಂಗ್ಸ್ ಮುಗಿದಾಗ ಯಾಂಕೀಸರಿಗೆ ನಾಲ್ಕು ರನ್ ಬಂದಿದ್ದವು, ಲೆಕ್ಕ 7-4. ರೈನ್‌ಹಾರ್ಟನ ಕೈ ನಡುಗಿದ್ದು ಏತಕ್ಕೆ ಎಂಬುದಕ್ಕೆ ಯಾವ ಅಂಕಿಅಂಶವೂ ಉತ್ತರ ಹೇಳಲಾರದು. ಆದರೆ ಸ್ವಲ್ಪ ಹೊತ್ತಿಗೆ ಮುಂಚೆ ಎರಡು ಸಲ ಚಾವಣಿಯ ಮೇಲಿಂದ ಹಾರಿದ ಚೆಂಡನ್ನು ಅವನೂ ನೋಡಿದ್ದ. ಅಂತಹ ದಾಂಡು ಸರದಿಗೆ ಕಾದು ನಿಂತಿರುವಾಗ ಅದರ ಮುಂದಿನವರಿಗೂ ಹಿಂದಿನವರಿಗೂ ಎಸೆಯುವ ಕೈ ಬಿಗಿಯುವುದು ಸಹಜವೆಂದೇ ನನ್ನ ಎಣಿಕೆ. ಆ ಸರಣಿಯ ಏಳು ಪಂದ್ಯಗಳಲ್ಲಿ ರೂತನಿಗೆ ಹೀಗೆ ಹೊಡೆಯದೆ ನಡೆಯುವ ಭಾಗ್ಯ ಹನ್ನೊಂದು ಬಾರಿ ದೊರೆಯಿತು ಎಂಬುದನ್ನು ಇದರೊಡನೆ ಸೇರಿಸಿ ಓದಬಹುದು.

ಆರನೆಯ ಇನ್ನಿಂಗ್ಸ್. ಈಗ ಎಸೆಯುವವನು ಹೈ ಬೆಲ್. ಒಬ್ಬ ಸಂಗಾತಿ ಆಗಲೇ ಮೂಲೆಯೊಂದರಲ್ಲಿದ್ದಾನೆ. ಲೆಕ್ಕ ತುಂಬಿ, ಇನ್ನೊಂದು ಕೆಟ್ಟ ಎಸೆತವಾದರೆ ರೂತ್ ನಡೆದು ಹೋಗಬೇಕು, ಇನ್ನೊಂದು ಒಳ್ಳೆಯದನ್ನು ಬಿಟ್ಟರೆ ಅವನು ಔಟ್ ಎಂಬ ಘಟ್ಟ ಬಂದಿತು. ಮುಂದಿನ ಚೆಂಡು ಈ ಸಲ ಬಲಬದಿಯ ಚಾವಣಿಯನ್ನು ಹುಡುಕಿಕೊಂಡು ಹೋಗಲಿಲ್ಲ. ನೇರವಾಗಿ ಮೈದಾನದ ನಟ್ಟನಡುವಿನ ದೂರದ ಬೆಂಚುಗಳ ಸಾಲಿನಲ್ಲಿ ಹೋಗಿ ಬಿದ್ದಿತು. ಮೊದಲಿನೆರಡಕ್ಕೆ ಮೈದಾನದ ಗಿಡ್ಡ ಬದಿ ನೆರವಾಯಿತೆಂದು ಗೊಣಗುವವರಿಗೂ ಇನ್ನು ಬಾಯಿಲ್ಲ. ವರ್ಲ್ಡ್ ಸೀರೀಸಿನ ಒಂದೇ ಪಂದ್ಯದಲ್ಲಿ ಮೂರು ಹೋಮ್ ರನ್‌ಗಳನ್ನು ಅದುವರೆಗೆ ಯಾರೂ ಹೊಡೆದಿರಲಿಲ್ಲ. ಐದು ಸಲ ದಾಂಡು ಹಿಡಿದು ಬಂದವನಿಗೆ ಎರಡು ಸಲ ಹೊಡೆಯುವ ಅವಕಾಶವೇ ಸಿಗಲಿಲ್ಲ. ಸಿಕ್ಕ ಮೂರೂ ಸಲ ಚೆಂಡು ಎಲ್ಲೆ ದಾಟಿತು.

ಯಾಂಕೀಸ್ 10-5ರಿಂದ ಗೆದ್ದರು. ಇದರಲ್ಲಿ ವೇಟ್ ಹಾಯ್ಟ್ ಎಂಬ ಎಸೆತಗಾರನ ಪಾಲನ್ನು ಮರೆಯುವುದು ಅನ್ಯಾಯ. ಹದಿನಾಲ್ಕು ಹೊಡೆತಗಳನ್ನು ಸಹಿಸಿಕೊಂಡು, ಒಂಬತ್ತು ಇನ್ನಿಂಗ್ಸುಗಳನ್ನೂ ತಾನೊಬ್ಬನೇ ಎಸೆದು, ಐದೇ ರನ್ ಕೊಟ್ಟು ಆತ ಪಾರುಗಾಣಿಸಿದ. ಏಟು ತಿನ್ನುತ್ತಲೇ ಕೋಟೆಯನ್ನು ಬಿಟ್ಟುಕೊಡದ ಇಂತಹ ದುಡಿಮೆಗಾರರ ಹೆಸರು ಚರಿತ್ರೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರುತ್ತದೆ.

ಆ ಪಂದ್ಯದ ಸುತ್ತ ಒಂದು ದಂತಕಥೆಯೂ ಹಬ್ಬಿದೆ. ನ್ಯೂಜೆರ್ಸಿಯಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ಹಾಸಿಗೆ ಹಿಡಿದಿದ್ದ, ಅವನಿಗೆ ಹಸ್ತಾಕ್ಷರ ಹಾಕಿದ ಚೆಂಡೊಂದನ್ನು ಕಳುಹಿಸಿ, ನಿನಗಾಗಿ ಒಂದು ಹೋಮ್ ರನ್ ಹೊಡೆಯುವೆನೆಂದು ರೂತ್ ಮಾತು ಕೊಟ್ಟ, ಮೂರು ಹೊಡೆದ, ಹುಡುಗ ಗುಣವಾದ. ಸರಣಿ ಮುಗಿದ ಮೇಲೆ ರೂತ್ ಆ ಬಾಲಕನ ಮನೆಗೆ ಹೋಗಿ ನೋಡಿ ಬಂದದ್ದು ನಿಜ, ಹುಡುಗ ಬದುಕಿ ಬೆಳೆದು ದೊಡ್ಡವನಾದದ್ದೂ ನಿಜ. ಕಾಯಿಲೆಯನ್ನು ಮಾತ್ರ ಪತ್ರಿಕೆಗಳು ಬಾಯಿಂದ ಬಾಯಿಗೆ ಬೆಳೆಸಿದವು. ಇಂತಹ ಕಥೆಗಳಿಂದ ಆಟದ ನಿಜವಾದ ಸೊಗಸು ಮಸುಕಾಗುತ್ತದೆಂದು ನನಗೆ ತೋರುತ್ತದೆ. ತುಂಬಿದ ಲೆಕ್ಕದಲ್ಲಿ ಬೆಲ್ ಎಸೆದ ಆ ಒಂದು ಚೆಂಡಿನಲ್ಲಿರುವಷ್ಟು ಕಾತರ ಪವಾಡದ ಕಥೆಯಲ್ಲಿ ಇಲ್ಲ.

ಇಷ್ಟಾಗಿಯೂ ಸರಣಿ ಯಾಂಕೀಸರದಾಗಲಿಲ್ಲ. ಅಕ್ಟೋಬರ್ 10ರಂದು ನ್ಯೂಯಾರ್ಕಿನಲ್ಲಿ ಏಳನೆಯ ಪಂದ್ಯ. ಕೊನೆಯ ಇನ್ನಿಂಗ್ಸ್, ಇಬ್ಬರು ಔಟ್, ಸೇಂಟ್ ಲೂಯಿಸಿಗೆ 3-2ರ ಮುನ್ನಡೆ. ಎಸೆಯುತ್ತಿದ್ದವನು ಮೂವತ್ತೊಂಬತ್ತು ವರ್ಷದ ಹಳೆಯ ಹುಲಿ ಗ್ರೋವರ್ ಅಲೆಕ್ಸಾಂಡರ್. ರೂತ್ ಮತ್ತೆ ಹೊಡೆಯದೆ ಮೊದಲ ಮೂಲೆಗೆ ನಡೆದ. ಮುಂದೆ ಬ್ಯಾಟು ಹಿಡಿದು ನಿಂತವನು ಬಾಬ್ ಮ್ಯೂಸೆಲ್, ಅವನ ಬೆನ್ನಿಗೆ ಲೂ ಗೆರಿಗ್. ಅಂತಹ ಹೊತ್ತಿನಲ್ಲಿ ರೂತ್ ಯಾರೂ ಎಣಿಸದಂತೆ ಎರಡನೆಯ ಮೂಲೆಯನ್ನು ಕದಿಯಲು ಓಡಿದ. ಚೆಂಡು ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಪಂದ್ಯವೂ ಮುಗಿಯಿತು, ಸರಣಿಯೂ ಮುಗಿಯಿತು. ಪರಸ್ಥಳದಲ್ಲಿ ಗೆಲ್ಲಿಸಿದವನೇ ಸ್ವಸ್ಥಳದ ಸೋಲಿನ ಕೊನೆಯ ಔಟಾದ. ಕವಿಯೊಬ್ಬ ಕಲ್ಪಿಸಿ ಬರೆದಿದ್ದರೆ ಅತಿಯಾಯಿತೆಂದು ವಿಮರ್ಶಕರು ಮೂಗು ಮುರಿಯುತ್ತಿದ್ದರು.

ಎರಡು ವರ್ಷಗಳ ತರುವಾಯ, 1928ರ ಅಕ್ಟೋಬರ್ 9ರಂದು, ಅದೇ ಎರಡು ತಂಡಗಳು, ಅದೇ ಸ್ಪೋರ್ಟ್ಸ್‌ಮನ್ಸ್ ಪಾರ್ಕ್, ಅದೇ ನಾಲ್ಕನೆಯ ಪಂದ್ಯ. ಯಾಂಕೀಸ್ ಆಗಲೇ ಮೂರನ್ನು ಗೆದ್ದಿದ್ದರು. ಏಳನೆಯ ಇನ್ನಿಂಗ್ಸಿನಲ್ಲಿ ಊರಿನ ತಂಡಕ್ಕೆ 2-1ರ ಮುನ್ನಡೆ. ಬಿಲ್ ಷೆರ್ಡೆಲ್ ಎಂಬ ಎಸೆತಗಾರ ರೂತ್ ಸಿದ್ಧನಾಗುವ ಮೊದಲೇ ಚೆಂಡನ್ನು ಎಸೆದು ಅವನನ್ನು ಔಟ್ ಮಾಡಿದೆನೆಂದ, ಅಂಪೈರು ಒಪ್ಪಲಿಲ್ಲ, ದೊಡ್ಡ ವಾದವಾಯಿತು. ವಾದ ಮುಗಿದ ಮೇಲೆ ರೂತ್ ಚೆಂಡನ್ನು ಎಲ್ಲೆಯಾಚೆಗೆ ಹೊಡೆದ; ಹಿಂದೆಯೇ ಬಂದ ಗೆರಿಗನೂ ಹೊಡೆದ. ಎಂಟನೆಯ ಇನ್ನಿಂಗ್ಸಿನಲ್ಲಿ ರೂತ್ ಮತ್ತೊಂದನ್ನು ಹೊಡೆದ. ಈ ಸಲ ಎಸೆದವನು ಅದೇ ಅಲೆಕ್ಸಾಂಡರ್. ಮುಂಚೆ ನಾಲ್ಕನೆಯ ಇನ್ನಿಂಗ್ಸಿನಲ್ಲಿ ಹೊಡೆದದ್ದೂ ಸೇರಿ ಮತ್ತೆ ಮೂರು. ಲೆಕ್ಕ 7-3. ಕೊನೆಯ ಚೆಂಡು ಎಡಬದಿಯಲ್ಲಿ, ಪ್ರೇಕ್ಷಕರ ಆಸನಗಳ ಅಂಚಿಗೆ ಏರಿ ಬರುತ್ತಿತ್ತು. ಅದರ ಹಿಂದೆ ಓಡಿದವನು ರೂತನೇ. ಆಸನಗಳಲ್ಲಿದ್ದ ಊರ ಜನ ಕಾಗದಗಳನ್ನು ಅವನ ಮೇಲೆ ಎಸೆದರು. ಆತ ಅವುಗಳ ನಡುವೆಯೇ ಕೈ ಚಾಚಿ ಚೆಂಡನ್ನು ಹಿಡಿದು, ಹಿಡಿದ ಕೈಯನ್ನು ಮೇಲಕ್ಕೆತ್ತಿಕೊಂಡೇ ಮೈದಾನದಿಂದ ಆಚೆಗೆ ಓಡಿದ.