ಗಾಯ ಮಾಗಿದ ಮೇಲೂ ಉಳಿಯುವ ನೋವು

ಶಸ್ತ್ರಚಿಕಿತ್ಸೆಯೆಂಬುದು ಇಂದು ಅಪರೂಪದ ಸಂಗತಿಯಾಗಿ ಉಳಿದಿಲ್ಲ. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆದಾಗ ಕತ್ತಿಯ ಹೆಸರು ಕೇಳಿದರೇ ಬೆದರುತ್ತಿದ್ದ ನಮ್ಮ ಜನ, ಈಗ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಯಾವ ಬೀದಿಯಲ್ಲಿ ವಿಚಾರಿಸಿದರೂ ಮನೆಗೊಬ್ಬರಂತೆ ಆಪರೇಷನ್ ಮಾಡಿಸಿಕೊಂಡವರೇ ಆಗಿದ್ದಾರೆ. ಸೊಸೆಗೆ ಸಿಸೇರಿಯನ್, ಅತ್ತೆಗೆ ಮೊಣಕಾಲಿನ ಕೀಲು ಬದಲಾವಣೆ, ಮಾವನವರಿಗೆ ಹರ್ನಿಯಾ ಅಥವಾ ಹೃದಯದ ಬೈಪಾಸ್. ಇವುಗಳಿಂದ ಅಸಂಖ್ಯ ಜೀವಗಳು ಉಳಿದಿವೆ ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಹೊಲಿಗೆ ಬಿಚ್ಚಿ, ಗಾಯ ಒಣಗಿ, ವೈದ್ಯರು 'ಎಲ್ಲವೂ ಸರಿಯಾಗಿದೆ' ಎಂದ ಮೇಲೆಯೂ ಕೆಲವರಿಗೆ ನೋವು ಹೋಗುವುದಿಲ್ಲ. ನೋಡುವವರ ಕಣ್ಣಿಗೆ ಅದು ಕಾಣದು. 'ಇನ್ನೂ ಎಷ್ಟು ದಿನ ಇದೇ ಮಾತು?' ಎಂಬ ಮನೆಯವರ ಪ್ರಶ್ನೆಗೆ ಅಂಜಿ, ನೊಂದವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಈ ಮೌನವನ್ನು ಮುರಿಯುವುದು ಅಗತ್ಯ; ಏಕೆಂದರೆ ಇದು ಕಲ್ಪನೆಯ ನೋವಲ್ಲ, ಹೆಸರುಳ್ಳ ರೋಗ.

ರೋಗವೆಂದು ಗುರುತಿಸಿದ ಬಗೆ

1998ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ 10 ನೋವು ಚಿಕಿತ್ಸಾಲಯಗಳಿಗೆ ಬಂದ 5,130 ರೋಗಿಗಳನ್ನು ವಿಚಾರಿಸಲಾಯಿತು. ಅವರಲ್ಲಿ ನೂರಕ್ಕೆ 22.5ರಷ್ಟು ಮಂದಿಯ ನೋವಿಗೆ ಹಿಂದಿನ ಶಸ್ತ್ರಚಿಕಿತ್ಸೆ ಕಾರಣವಾಗಿತ್ತು. ವೈದ್ಯಲೋಕ ಎಚ್ಚೆತ್ತದ್ದು ಅಂದಿನಿಂದ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ದೊರೆತಿದೆ. ಶಸ್ತ್ರಚಿಕಿತ್ಸೆಯ ನಂತರ ಹುಟ್ಟಿದ ಅಥವಾ ಹೆಚ್ಚಾದ ನೋವು ಮೂರು ತಿಂಗಳು ಕಳೆದರೂ ಉಳಿದಿದ್ದು, ಅದಕ್ಕೆ ಬೇರೆ ಕಾರಣ ಕಾಣದಿದ್ದರೆ ಅದು ದೀರ್ಘಕಾಲದ ನೋವು.

ಇದರ ಪ್ರಮಾಣ ಆಪರೇಷನ್ನಿನಿಂದ ಆಪರೇಷನ್ನಿಗೆ ಬೇರೆ. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ ಕೈಕಾಲು ಕತ್ತರಿಸಿದವರಲ್ಲಿ ನೂರಕ್ಕೆ 30ರಿಂದ 50, ಸ್ತನದ ಶಸ್ತ್ರಚಿಕಿತ್ಸೆಯಲ್ಲಿ 20ರಿಂದ 30, ಹರ್ನಿಯಾ ಮತ್ತು ಸಿಸೇರಿಯನ್‌ಗಳಲ್ಲಿ ಸುಮಾರು 10 ಮಂದಿಗೆ ನೋವು ಉಳಿಯಬಹುದು. ಇವರೆಲ್ಲರ ನೋವೂ ತೀವ್ರವಲ್ಲ. ತೀವ್ರ ನೋವು ಕಾಡುವುದು ಕೆಲವರನ್ನು ಮಾತ್ರ. ಆದುದರಿಂದ ಅಗತ್ಯವಾದ ಶಸ್ತ್ರಚಿಕಿತ್ಸೆಯನ್ನು ಭಯದಿಂದ ಮುಂದೂಡಬಾರದು.

ನೋವು ಏಕೆ ಉಳಿಯುತ್ತದೆ?

ಚರ್ಮವನ್ನೂ ಸ್ನಾಯುವನ್ನೂ ಸೀಳುವಾಗ ಸಣ್ಣ ನರಗಳು ಕತ್ತರಿಸಿಹೋಗುವುದು ಅಥವಾ ಎಳೆತಕ್ಕೆ ಸಿಲುಕುವುದು ಅನಿವಾರ್ಯ. ಗಾಯಗೊಂಡ ನರ ತಾನಾಗಿಯೇ ತಪ್ಪು ಸುದ್ದಿ ಕಳುಹಿಸತೊಡಗುತ್ತದೆ. ಎಡೆಬಿಡದೆ ಬರುವ ಈ ಸುದ್ದಿಯಿಂದ ಬೆನ್ನುಹುರಿ ಮತ್ತು ಮೆದುಳು ಅತಿಸೂಕ್ಷ್ಮವಾಗುತ್ತವೆ. ಆಗ ಸೀರೆಯ ಅಂಚು ತಾಗಿದರೂ ಉರಿ, ತಣ್ಣೀರು ಬಿದ್ದರೂ ಚುಚ್ಚು. ಕಾಲನ್ನು ಕಳೆದುಕೊಂಡವರಿಗೆ ಇಲ್ಲದ ಪಾದವೇ ನೋಯುವುದುಂಟು. ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ, ಉಳಿದ ಅಂಗವನ್ನು ಕನ್ನಡಿಯಲ್ಲಿ ತೋರಿಸಿ ಮೆದುಳನ್ನು ಸಮಾಧಾನಪಡಿಸುವ ಸರಳ ಚಿಕಿತ್ಸೆಯನ್ನು ರೂಪಿಸಿದರು.

ಶಸ್ತ್ರಚಿಕಿತ್ಸೆಗೆ ಮೊದಲೇ ನೋವಿದ್ದವರು, ಅತಿಯಾಗಿ ಆತಂಕಪಡುವವರು, ನಿದ್ರೆಗೆಟ್ಟವರು, ಅದೇ ಜಾಗದಲ್ಲಿ ಮತ್ತೆ ಆಪರೇಷನ್ ಆದವರು, ಮೊದಲ ಕೆಲವು ದಿನ ತೀವ್ರ ನೋವನ್ನು ಅನುಭವಿಸಿದವರು ಇದಕ್ಕೆ ಹೆಚ್ಚು ಈಡಾಗುತ್ತಾರೆ. ಈ ಕೊನೆಯ ಕಾರಣವನ್ನು ನಮ್ಮ ಮನೆಗಳು ವಿಶೇಷವಾಗಿ ಗಮನಿಸಬೇಕು. 'ತುಟಿ ಕಚ್ಚಿ ಸಹಿಸಿಕೊಂಡಳು, ಒಂದು ಮಾತ್ರೆ ಕೇಳಲಿಲ್ಲ' ಎಂದು ಬಾಣಂತಿಯನ್ನು ಹೊಗಳುವ ರೂಢಿ ನಮ್ಮಲ್ಲಿದೆ. ಸಹನೆ ದೊಡ್ಡ ಗುಣವೇ ಸರಿ. ಆದರೆ ಮೊದಲ ದಿನಗಳ ನೋವನ್ನು ಹೇಳದೆ ನುಂಗುವುದು ಸಹನೆಯಲ್ಲ. ಮುಂದಿನ ನೋವಿಗೆ ದಾರಿ ಮಾಡಿಕೊಟ್ಟಂತೆ.

ಮುಂಜಾಗ್ರತೆ

1. ಆಪರೇಷನ್ನಿಗೆ ಮೊದಲು ಅರಿವಳಿಕೆ ವೈದ್ಯರೊಡನೆ ಮಾತನಾಡಿರಿ. ಹಳೆಯ ನೋವು, ಹಿಂದಿನ ಶಸ್ತ್ರಚಿಕಿತ್ಸೆ, ಸೇವಿಸುತ್ತಿರುವ ಔಷಧ ಯಾವುದನ್ನೂ ಮುಚ್ಚಿಡಬೇಡಿ.

2. ನರಗಳ ಬುಡದಲ್ಲಿ ಅರಿವಳಿಕೆ ಕೊಡುವ ವಿಧಾನ ತಮಗೆ ಹೊಂದುವುದೇ ಎಂದು ಕೇಳಿರಿ. ಎದೆಯ ಮತ್ತು ಸ್ತನದ ಶಸ್ತ್ರಚಿಕಿತ್ಸೆಗಳಲ್ಲಿ ಇದು ಮುಂದಿನ ನೋವನ್ನು ತಗ್ಗಿಸಬಲ್ಲದೆಂಬುದಕ್ಕೆ ಆಧಾರವಿದೆ. ಸಿಸೇರಿಯನ್ನಿಗೆ ಬೆನ್ನಿಗೆ ಕೊಟ್ಟ ಸೂಜಿಯೇ ವರ್ಷಗಟ್ಟಲೆ ಬೆನ್ನುನೋವಿಗೆ ಕಾರಣವೆಂಬ ಮಾತು ಮನೆಮನೆಯಲ್ಲಿ ಕೇಳಿಬರುತ್ತದೆ. ಅದಕ್ಕೆ ಆಧಾರ ದೊರೆತಿಲ್ಲ. ಗರ್ಭದ ಭಾರ, ಮಗುವನ್ನು ಬಾಗಿ ಎತ್ತುವುದು, ಸೊಂಟದ ಸ್ನಾಯುಗಳ ದುರ್ಬಲತೆ ಇವೇ ಹೆಚ್ಚಿನ ಕಾರಣ.

3. ಆಪರೇಷನ್ ಆದ ಮೇಲೆ ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕೆಯಲ್ಲಿ ದಾದಿಯರಿಗೆ ತಿಳಿಸಿ. ಮಾತ್ರೆಯನ್ನು ವೈದ್ಯರು ಹೇಳಿದ ವೇಳೆಗೇ ಕೊಡಿ. ನೋವು ಏರಲೆಂದು ಕಾಯಬೇಡಿ.

4. ವೈದ್ಯರ ಅಪ್ಪಣೆ ದೊರೆತೊಡನೆ ಎದ್ದು ನಡೆಯಿರಿ. ದೀರ್ಘ ಉಸಿರಾಟ, ಒಳ್ಳೆಯ ನಿದ್ರೆ, ಸಕ್ಕರೆ ಕಾಯಿಲೆಯ ಹತೋಟಿ ಇವು ಗಾಯ ಮಾಗಲು ಸಹಾಯಕ.

ಚಿಕಿತ್ಸೆಯ ದಾರಿ

ಮೂರು ತಿಂಗಳಾದರೂ ನೋವು ಉಳಿದರೆ ಮೊದಲು ಶಸ್ತ್ರಚಿಕಿತ್ಸಕರನ್ನೇ ಕಾಣಬೇಕು. ಸೋಂಕು, ಹರ್ನಿಯಾದ ಮರುಕಳಿಕೆ, ಸಡಿಲಗೊಂಡ ಕೃತಕ ಕೀಲು, ಕ್ಯಾನ್ಸರಿನ ಮರುಕಳಿಕೆ ಇಲ್ಲವೆಂದು ಖಚಿತವಾದ ಬಳಿಕವೇ ಮುಂದಿನ ಮಾತು. ಜ್ವರ, ಕೀವು, ಹೊಸ ಊತ, ಒಂದೇ ಕಾಲಿನ ಮೀನಖಂಡದ ಬಾವು, ಮೂತ್ರದ ಹಿಡಿತ ತಪ್ಪುವುದು ಕಂಡರೆ ಒಂದು ದಿನವೂ ತಡೆಯಬಾರದು.

ನರದ ನೋವಿಗೆ ಸಾಮಾನ್ಯ ನೋವಿನ ಮಾತ್ರೆ ಸಾಲದು. ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಗಾಬಾಪೆಂಟಿನ್, ಪ್ರಿಗಾಬಾಲಿನ್ ಮುಂತಾದವನ್ನು ಸಣ್ಣ ಪ್ರಮಾಣದಿಂದ ಆರಂಭಿಸಿ ಏರಿಸುತ್ತಾರೆ. ಇವುಗಳಲ್ಲಿ ಕೆಲವು ಖಿನ್ನತೆಗೂ ಬಳಕೆಯಾಗುವುದರಿಂದ 'ನನಗೇನು ಹುಚ್ಚೇ?' ಎಂದು ಚೀಟಿಯನ್ನು ಹರಿದುಹಾಕುವವರಿದ್ದಾರೆ. ಇದು ತಪ್ಪು ಗ್ರಹಿಕೆ. ಇಲ್ಲಿ ಆ ಔಷಧದ ಕೆಲಸ ನರದ ಸುದ್ದಿಯನ್ನು ತಗ್ಗಿಸುವುದು. ಆದರೆ ಹಿರಿಯರಲ್ಲಿ ಮಂಪರು ಬಂದು ಬೀಳುವ ಅಪಾಯವಿದೆ. ರಾತ್ರಿ ಬಚ್ಚಲಿಗೆ ಹೋಗುವಾಗ ಜೊತೆಯಲ್ಲಿ ಒಬ್ಬರಿರಲಿ. ಡೈಕ್ಲೋಫಿನಾಕ್‌ನಂತಹ ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದು ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿಕರ.

ಗಾಯದ ಸುತ್ತ ಅಂಟಿಸುವ ಔಷಧದ ಪಟ್ಟಿ, ನರದ ಬಳಿ ಕೊಡುವ ಚುಚ್ಚುಮದ್ದು, ಫಿಸಿಯೋಥೆರಪಿ, ಮನಸ್ಸಿನ ಆತಂಕವನ್ನು ಇಳಿಸುವ ಆಪ್ತಸಲಹೆ ಇವೆಲ್ಲ ಸೇರಿದರೇ ಚಿಕಿತ್ಸೆ ಪೂರ್ಣ. ಇದಕ್ಕೆ ವಿಶೇಷವಾಗಿ ತರಬೇತಿ ಪಡೆದವರು ಬಹುಮಟ್ಟಿಗೆ ಅರಿವಳಿಕೆ ವೈದ್ಯರೇ. ತಾವು ಹೋಗುವ ಆಸ್ಪತ್ರೆಯಲ್ಲಿ ನೋವಿನ ಚಿಕಿತ್ಸಾ ವಿಭಾಗವಿದೆಯೇ ಎಂದು ವಿಚಾರಿಸಿರಿ. ಎಲ್ಲರ ನೋವೂ ಪೂರ್ಣ ಅಳಿಯುತ್ತದೆಂದು ಭರವಸೆ ಕೊಡಲಾಗದು. ಆದರೆ ನಿದ್ರೆ ಬರುವಷ್ಟು, ನಡೆಯುವಷ್ಟು, ಕೆಲಸಕ್ಕೆ ಕೈಹಾಕುವಷ್ಟು ಅದನ್ನು ಇಳಿಸುವುದು ಅನೇಕರಲ್ಲಿ ಸಾಧ್ಯ.

ಮನೆಯವರ ಹೊಣೆ

ನೋವಿನಿಂದಾಗಿ ಲಾಲ್‌ಬಾಗಿನ ಸುತ್ತನ್ನೂ ಗಾಂಧಿ ಬಜಾರಿನ ನಡಿಗೆಯನ್ನೂ ಬಿಟ್ಟ ಹಿರಿಯರು ನಿಧಾನವಾಗಿ ಮಾತನ್ನೂ ಬಿಡುತ್ತಾರೆ. ಪೂರ್ಣ ವಿಶ್ರಾಂತಿ ಕೊಟ್ಟು ಕೂರಿಸುವುದೂ, ಸೋಮಾರಿತನವೆಂದು ಹಳಿಯುವುದೂ ಎರಡೂ ಸಲ್ಲ. ಇಂದು ಹತ್ತು ಹೆಜ್ಜೆ, ನಾಳೆ ಹನ್ನೆರಡು ಎಂಬಂತೆ ಜೊತೆಗೂಡಿ ನಡೆಸಬೇಕು. ಕೈಲಾಗುವಷ್ಟು ಕಾಯಕವನ್ನು ಅವರಿಗೆ ಉಳಿಸಬೇಕು. ಹೂ ಕಟ್ಟುವುದಾಗಲಿ, ಸೊಪ್ಪು ಬಿಡಿಸುವುದಾಗಲಿ, ಮೊಮ್ಮಗುವಿಗೆ ಮಗ್ಗಿ ಹೇಳಿಕೊಡುವುದಾಗಲಿ, ತಾವು ಇನ್ನೂ ಬೇಕಾದವರೆಂಬ ಭಾವ ಮದ್ದಿನಷ್ಟೇ ಮುಖ್ಯ.

ಎಲ್ಲಕ್ಕಿಂತ ಮೊದಲು, 'ನೋಯುತ್ತಿದೆ' ಎಂದವರ ಮಾತನ್ನು ನಂಬೋಣ. ನಂಬಿದ ದಿನವೇ ಅರ್ಧ ಚಿಕಿತ್ಸೆ ಆರಂಭವಾದಂತೆ.