ರೋಮನ್ ಮೆಟ್ಟಿಲುಗಳ ಮೇಲೆ ಜಾಝ್ ಇರುಳು

ಲಿಯಾನ್ ನಗರದಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ, ರೋನ್ ನದಿಯ ದಡದಲ್ಲಿ ವಿಯೆನ್ ಎಂಬ ಊರಿದೆ. ಆಸ್ಟ್ರಿಯಾದ ವಿಯೆನ್ನಾ ಅಲ್ಲ, ಇದು ಫ್ರಾನ್ಸಿನದು. ಜನಸಂಖ್ಯೆ ಮೂವತ್ತು ಸಾವಿರದ ಆಸುಪಾಸು. ಪ್ಯಾರಿಸ್, ನೀಸ್ ಎಂದು ಸುತ್ತುವ ನಮ್ಮ ಪ್ರವಾಸಿಗರ ಪಟ್ಟಿಯಲ್ಲಿ ಇದರ ಹೆಸರು ಕಾಣುವುದು ಅಪರೂಪ. ಆದರೆ ನೋಟ, ಊಟ, ಸಂಗೀತ ಮೂರೂ ಒಂದೇ ದಿನದಲ್ಲಿ ದಕ್ಕಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಊರನ್ನು ನಾನು ಹೇಳಲಾರೆ. ಎರಡು ಸಾವಿರ ವರ್ಷದ ಕಲ್ಲುಗಳನ್ನು ವಿಯೆನ್ ತನ್ನ ದಿನದ ಬದುಕಿನೊಳಗೇ ಇಟ್ಟುಕೊಂಡಿದೆ. ಅದೇ ಇದರ ಸೊಗಸು.

ಬೆಳಿಗ್ಗೆ: ಸಂತೆಯ ನಡುವೆ ದೇಗುಲ

ಶನಿವಾರ ಬಂದರೆ ಊರಿಗೆ ಊರೇ ಸಂತೆ. ಬೀದಿಬೀದಿಗಳಲ್ಲಿ ಏಪ್ರಿಕಾಟ್, ಚೆರಿ, ಆಲಿವ್, ಬಿಸಿ ಬ್ರೆಡ್ಡು. ನೆರೆಯ ಬೆಟ್ಟಗಳ ಮೇಕೆ ಹಾಲಿನಿಂದ ಮಾಡಿದ, ಅಂಗೈಯೊಳಗೆ ಅಡಗುವಷ್ಟು ಚಿಕ್ಕ ‘ರಿಗೊತ್ ದ ಕೊಂದ್ರಿಯೂ’ ಚೀಸ್ ಕೂಡ ಸಿಗುತ್ತದೆ. ಸಂತೆ ದಾಟಿ ಚೌಕಕ್ಕೆ ಬಂದರೆ ಎದುರಿಗೇ ಅಗಸ್ಟಸ್ ಮತ್ತು ಲಿವಿಯಾ ದೇಗುಲ. ಕ್ರಿಸ್ತಪೂರ್ವದ ಕೊನೆಯ ದಶಕಗಳಲ್ಲಿ ರೋಮನ್ ಚಕ್ರವರ್ತಿಗಾಗಿ ಕಟ್ಟಿದ್ದು. ಮುಂದೆ ಆರು ಕೊರಿಂಥಿಯನ್ ಕಂಬಗಳು, ಸುತ್ತಲೂ ಕಾಫಿ ಅಂಗಡಿಗಳ ಮೇಜುಗಳು.

ದೇಗುಲ ಇಷ್ಟು ಗಟ್ಟಿಯಾಗಿ ಉಳಿದದ್ದು ಹೇಗೆ? ಅದು ಎಂದೂ ಪಾಳು ಬೀಳಲಿಲ್ಲ. ಕಂಬಗಳ ನಡುವೆ ಗೋಡೆ ಎಬ್ಬಿಸಿ ಚರ್ಚ್ ಮಾಡಿದರು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಅದು ‘ವಿವೇಕದ ಮಂದಿರ’ವಾಯಿತು. 19ನೇ ಶತಮಾನದಲ್ಲಿ ಗೋಡೆಗಳನ್ನು ತೆಗೆದು ಮೂಲರೂಪಕ್ಕೆ ತಂದರು. ಹತ್ತಿರದಲ್ಲೇ ಸ್ಯಾಂ ಮೊರೀಸ್ ಕೆಥೆಡ್ರಲ್ ಇದೆ. ಚರ್ಚಿನ ಚರಿತ್ರೆಯಲ್ಲೂ ಈ ಊರಿನ ಹೆಸರಿದೆ: 1311–12ರಲ್ಲಿ ವಿಯೆನ್‌ನಲ್ಲಿ ಸೇರಿದ ಚರ್ಚ್ ಮಹಾಸಭೆಯ ವೇಳೆಯಲ್ಲೇ ಟೆಂಪ್ಲರ್ ಯೋಧಪಂಥವನ್ನು ರದ್ದುಪಡಿಸಲಾಯಿತು.

ಸೇತುವೆ ದಾಟಿ ನದಿಯ ಆಚೆ ದಡಕ್ಕೆ ಹೋದರೆ ಸ್ಯಾಂ ರೊಮ್ಯಾಂ ಆಂ ಗಾಲ್ ವಸ್ತುಸಂಗ್ರಹಾಲಯ. ಅಗೆದು ತೆಗೆದ ಒಂದು ಇಡೀ ರೋಮನ್ ಬಡಾವಣೆ ಅದರ ಪಕ್ಕದಲ್ಲೇ ಇದೆ. ಮನೆ, ಬೀದಿ, ಗೋದಾಮು, ಸ್ನಾನಗೃಹಗಳ ಪಾಯಗಳ ನಡುವೆಯೇ ನಡೆಯಬಹುದು; ಸಂಗ್ರಹಾಲಯದ ಒಳಗೆ ಬಣ್ಣಬಣ್ಣದ ಮೊಸಾಯಿಕ್ ನೆಲಗಳು.

ಮಧ್ಯಾಹ್ನ: ಆಲೂಗಡ್ಡೆಯ ಘನತೆ

ಫ್ರೆಂಚ್ ಅಡುಗೆಯ ಚರಿತ್ರೆಯಲ್ಲಿ ವಿಯೆನ್‌ಗೆ ದೊಡ್ಡ ಸ್ಥಾನವಿದೆ. ಇಲ್ಲಿನ ‘ಲಾ ಪಿರಮಿದ್’ ಹೋಟೆಲಿನ ಬಾಣಸಿಗ ಫರ್ನಾಂ ಪ್ವ್ಯಾಂ 1933ರಲ್ಲೇ ಮಿಶೆಲಿನ್‌ನ ಮೂರು ನಕ್ಷತ್ರ ಪಡೆದವರು. ಪಾಲ್ ಬೊಕೂಸ್ ಅವರಂಥ ಹೆಸರಾಂತ ಬಾಣಸಿಗರು ಪಳಗಿದ್ದು ಇವರ ಅಡುಗೆಮನೆಯಲ್ಲಿ. 1955ರಲ್ಲಿ ಪ್ವ್ಯಾಂ ತೀರಿಕೊಂಡ ಮೇಲೆ ಪತ್ನಿ ಮಾದೊ ಮೂರು ದಶಕ ಆ ಹೆಸರನ್ನು ಕಾಪಾಡಿದರು.

ಅಂಥ ದುಬಾರಿ ಊಟವೇ ಆಗಬೇಕೆಂದಿಲ್ಲ. ಈ ಸೀಮೆಯ ಮನೆಯೂಟ ‘ಗ್ರತ್ಯಾಂ ದೊಫಿನ್ವಾ’. ಆಲೂಗಡ್ಡೆಯನ್ನು ತೆಳ್ಳಗೆ ಬಿಲ್ಲೆಬಿಲ್ಲೆಯಾಗಿ ಹೆಚ್ಚುತ್ತಾರೆ; ತೊಳೆಯುವುದಿಲ್ಲ, ಅದರ ಗಂಜಿಯಿಂದಲೇ ಹಾಲು ಗಟ್ಟಿಯಾಗಬೇಕು. ಬೆಳ್ಳುಳ್ಳಿ ತಿಕ್ಕಿದ ಪಾತ್ರೆಯಲ್ಲಿ ಪದರವಾಗಿ ಜೋಡಿಸಿ, ಹಾಲು, ಕೆನೆ, ಉಪ್ಪು, ಚೂರು ಜಾಯಿಕಾಯಿ ಪುಡಿ ಹಾಕಿ ಒಲೆಯೊಳಗೆ ಸಣ್ಣ ಉರಿಯಲ್ಲಿ ಗಂಟೆಗೂ ಹೆಚ್ಚು ಬೇಯಿಸುತ್ತಾರೆ. ಮೇಲ್ಪದರ ಕೆಂಪಗೆ ಗರಿಗರಿ, ಒಳಗೆಲ್ಲ ಬೆಣ್ಣೆಯಷ್ಟು ಮೆದು. ಸಸ್ಯಾಹಾರಿಗಳಿಗೆ ಇದು ವರ. ಆದರೂ ಮಾಂಸದ ರಸ ಬೆರೆಸಿದ್ದಾರೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಸಂಜೆ: ಗುಡ್ಡದ ಮಡಿಲಲ್ಲಿ ಸಂಗೀತ

ಜೂನ್ ಕೊನೆಯಿಂದ ಜುಲೈ ಮಧ್ಯದವರೆಗೆ ಇಲ್ಲಿ ‘ಜಾಝ್ ಆ ವಿಯೆನ್’ ಉತ್ಸವ. 1981ರಲ್ಲಿ ಶುರುವಾದದ್ದು. ಹಗಲಿನಲ್ಲಿ ರೋಮನ್ ಕಮಾನುಗಳಿರುವ ಸಿಬೆಲ್ ಉದ್ಯಾನದಲ್ಲಿ ಉಚಿತ ಕಛೇರಿಗಳು ನಡೆಯುತ್ತವೆ. ಮಕ್ಕಳು ಮರಿ ಸಮೇತ ಊರಿನವರು ಬಂದು ಕೂರುತ್ತಾರೆ. ಮುಖ್ಯ ಕಛೇರಿ ರಾತ್ರಿ, ಪಿಪೆ ಗುಡ್ಡದ ಇಳಿಜಾರಿಗೆ ಒರಗಿದ ಬಯಲು ರಂಗಮಂದಿರದಲ್ಲಿ.

ಕ್ರಿ.ಶ. ಮೊದಲ ಶತಮಾನದ ಈ ರಂಗಮಂದಿರ ನೂರಾರು ವರ್ಷ ಮಣ್ಣಿನಡಿ ಹೂತುಹೋಗಿತ್ತು. 1922ರಲ್ಲಿ ಅಗೆತ ಶುರುವಾಗಿ, 1938ರಲ್ಲಿ ಮತ್ತೆ ಜನರಿಗೆ ತೆರೆಯಿತು. ಈಗ ಏಳು ಸಾವಿರಕ್ಕೂ ಹೆಚ್ಚು ಮಂದಿ ಕೂರಬಹುದು. ಮೇಲಿನ ಮೆಟ್ಟಿಲುಗಳಲ್ಲಿ ಕೂತರೆ ವೇದಿಕೆಯಾಚೆ ಊರಿನ ಹೆಂಚುಗಳು, ನದಿಯ ಆಚೆಯ ಗುಡ್ಡಗಳು ಕಾಣುತ್ತವೆ. ಬೇಸಿಗೆಯಲ್ಲಿ ಇಲ್ಲಿ ಕತ್ತಲಾಗಲು ಒಂಬತ್ತೂವರೆ ದಾಟಬೇಕು. ಹಾಗಾಗಿ ಮೊದಲ ತಂಡ ಬಿಸಿಲ ಬೆಳಕಿನಲ್ಲಿ ನುಡಿಸಿದರೆ, ಸ್ಯಾಕ್ಸೊಫೋನ್ ಕೈಬದಲಾಗುವ ಹೊತ್ತಿಗೆ ಪಡುವಣ ಕೆಂಪೇರಿರುತ್ತದೆ. ಕಲ್ಲಿಗೆ ತಾಗಿದ ತಾಳ ಕೂತವರ ಮೈಗೂ ಹತ್ತುತ್ತದೆ.

ಟ್ರಂಪೆಟ್ ದಿಗ್ಗಜ ಮೈಲ್ಸ್ ಡೇವಿಸ್ 1991ರ ಜುಲೈ 1ರಂದು ಇಲ್ಲಿ ನುಡಿಸಿದರು. ಮೂರು ತಿಂಗಳೊಳಗೆ ತೀರಿಕೊಂಡರು. ಆ ರಾತ್ರಿಯ ಧ್ವನಿಮುದ್ರಣ 2021ರಲ್ಲಿ ‘ಮೆರ್ಸಿ ಮೈಲ್ಸ್!’ ಹೆಸರಿನಲ್ಲಿ ಹೊರಬಂತು. ಹೊರಡುವ ಮುಂಚೆ ಕೇಳಿಕೊಂಡು ಹೋಗಿ.

ಹೋಗುವುದು ಹೇಗೆ?

ಪ್ಯಾರಿಸ್‌ನಿಂದ ಲಿಯಾನ್‌ಗೆ ಟಿಜಿವಿ ರೈಲಿನಲ್ಲಿ ಎರಡು ಗಂಟೆ; ಅಲ್ಲಿಂದ ವಿಯೆನ್‌ಗೆ ಸ್ಥಳೀಯ ರೈಲಿನಲ್ಲಿ ಅರ್ಧ ಗಂಟೆಯೊಳಗೆ. ನಿಲ್ದಾಣದಿಂದ ಎಲ್ಲವೂ ಕಾಲ್ನಡಿಗೆಯ ದೂರ. ಉತ್ಸವದ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟ, ಮೊದಲೇ ಕಾಯ್ದಿರಿಸಿ. ಕಲ್ಲಿನ ಮೆಟ್ಟಿಲಿಗೆ ಒಂದು ದಿಂಬು, ಮಳೆಗೊಂದು ರೇನ್‌ಕೋಟ್ ಜೊತೆಗಿರಲಿ. ಕಛೇರಿ ನಡುರಾತ್ರಿಯವರೆಗೂ ಸಾಗುವುದರಿಂದ ಆ ರಾತ್ರಿ ವಿಯೆನ್‌ನಲ್ಲೇ ತಂಗಿ; ಕೊನೆಯ ರೈಲಿನ ಚಿಂತೆಯಿಲ್ಲದೆ ಕೊನೆಯ ಹಾಡಿನವರೆಗೂ ಕೂರಬಹುದು.