ಅನುದಾನಕ್ಕೆ ಮೂರು ವರ್ಷ, ಕಾಯಿಲೆಗೆ ಮೂವತ್ತು

ಯಾವ ತಾಲ್ಲೂಕು ಆಸ್ಪತ್ರೆಯ ಮುಂದೆ ಬಸ್ಸಿಳಿದರೂ ಸರಿ, ಕಣ್ಣಿಗೆ ಮೊದಲು ಬೀಳುವುದು ದಾನಿಗಳ ಹೆಸರು. ಕಾಂಪೌಂಡಿನ ಸಿಮೆಂಟ್ ಬೆಂಚಿನ ಮೇಲೆ ಒಬ್ಬರದು, ಕುಡಿಯುವ ನೀರಿನ ತೊಟ್ಟಿಯ ಮೇಲೆ ಇನ್ನೊಬ್ಬರದು, ಆಂಬುಲೆನ್ಸ್ ಬಾಗಿಲಿನ ಮೇಲೆ ಮತ್ತೊಬ್ಬರದು. ಒಳಗೆ ಹೋದರೆ ಮಂಚ, ಫ್ಯಾನು, ಗೋಡೆ ಗಡಿಯಾರಕ್ಕೂ ಹೆಸರುಂಟು. ಯಾರ ಹೆಸರೂ ಇಲ್ಲದ್ದು ಒಂದೇ. ರಾತ್ರಿ ಪಾಳಿಯಲ್ಲಿ ಎದ್ದು ಬಂದು ಇಂಜೆಕ್ಷನ್ ಕೊಡುವ ಸಿಸ್ಟರ್ ಸಂಬಳಕ್ಕೆ!

"ಕಟ್ಟಡ ಕಟ್ಟಿಸಿ ಕೊಡ್ತೀವಿ ಅನ್ನೋರು ಎಷ್ಟು ಬೇಕಾದ್ರೂ ಸಿಗ್ತಾರೆ ಸ್ವಾಮಿ, ಕೆಲಸದೋರ ಸಂಬಳ ಅಂದ ತಕ್ಷಣ ಜಾಗ ಖಾಲಿ" ಎಂಬುದು ಹಳ್ಳಿಗಾಡಿನಲ್ಲಿ ಆರೋಗ್ಯದ ಕೆಲಸ ಮಾಡುವ ಸಂಘ-ಸಂಸ್ಥೆಗಳ ಹಳೆಯ ಗೊಣಗಾಟ. ಗೊಣಗಾಟವೇ ಇರಬಹುದು. ಆದರೆ ಅದರಲ್ಲಿ ಹುರುಳಿದೆ.

ದುಡ್ಡು ಬರೋದೆಲ್ಲಿಂದ?

ಹಿಂದೆ ಊರಿನ ಆಸ್ಪತ್ರೆಗೆ ದುಡ್ಡು ಬೇಕೆಂದರೆ ಮಂಡಿ ಸಾಹುಕಾರರ ಗದ್ದುಗೆ ಮುಂದೆ ಕೂರಬೇಕಿತ್ತು. ಇಲ್ಲವೇ ಮಠ, ಚರ್ಚು, ರೋಟರಿ, ಲಯನ್ಸ್ ಬಾಗಿಲು ತಟ್ಟಬೇಕಿತ್ತು. ಈಗ ಅದಕ್ಕಿಂತ ದೊಡ್ಡ ಬಾಗಿಲೊಂದಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸಿ.ಎಸ್.ಆರ್. ಎಂದು ಎಲ್ಲರ ಬಾಯಲ್ಲೂ ಓಡಾಡುವ ಹೆಸರು ಇದರದೇ. ನಿವ್ವಳ ಆಸ್ತಿ 500 ಕೋಟಿ ರೂಪಾಯಿ, ಇಲ್ಲವೇ ವಹಿವಾಟು 1,000 ಕೋಟಿ, ಅದೂ ಇಲ್ಲದಿದ್ದರೆ ನಿವ್ವಳ ಲಾಭ 5 ಕೋಟಿ. ಇವು ಕಾಯ್ದೆ ಬಂದಾಗ ಇಟ್ಟ ಅಳತೆಗಳು. ಇದರಲ್ಲಿ ಒಂದನ್ನು ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿಯನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಆರೋಗ್ಯವೂ ಆ ಪಟ್ಟಿಯಲ್ಲಿದೆ.

ಕಂಪನಿ ಇರುವ ಸುತ್ತಮುತ್ತಲ ಊರುಗಳಿಗೇ ಆದ್ಯತೆ ಕೊಡಿ ಎಂದೂ ಕಾಯ್ದೆ ಹೇಳುತ್ತದೆ. ಕೇಳಲು ಚೆನ್ನಾಗಿಯೇ ಇದೆ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಪಕ್ಕದ ಹಳ್ಳಿಗೆ ಇದು ವರವೇ ಸರಿ. ಆದರೆ ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟದ ದಾರಿ ಹಿಡಿದರೆ ಕಾರ್ಖಾನೆಯ ಬೋರ್ಡನ್ನು ಹುಡುಕಬೇಕು. ಎಲ್ಲಿ ಚಿಮಣಿ ಇದೆಯೋ ಅಲ್ಲಿ ಅನುದಾನ, ಎಲ್ಲಿ ಬರೀ ಕಾಡಿದೆಯೋ ಅಲ್ಲಿ ಅರ್ಜಿ.

ಅರ್ಜಿ ಹಾಕುವುದೂ ಸುಲಭವಲ್ಲ. ಸಂಘ ನೋಂದಣಿಯಾಗಿರಬೇಕು, ಆಡಿಟ್ ಆಗಿರಬೇಕು, ಆದಾಯ ತೆರಿಗೆ ಇಲಾಖೆಯ ಪತ್ರಗಳಿರಬೇಕು. 2021ರ ಏಪ್ರಿಲ್‌ನಿಂದ ಸಿ.ಎಸ್.ಆರ್.-1 ಎಂಬ ನಮೂನೆ ತುಂಬಿ ಕೇಂದ್ರ ಸರ್ಕಾರದಲ್ಲಿ ಹೆಸರು ಬರೆಸುವುದೂ ಸೇರಿಕೊಂಡಿತು. ಅದರ ಮೇಲೆ ಕನಿಷ್ಠ ಮೂರು ವರ್ಷ ಇಂಥದೇ ಕೆಲಸ ಮಾಡಿದ ದಾಖಲೆ ಬೇಕು. ಇಷ್ಟೆಲ್ಲ ಕಾಗದ ಹೊಂದಿಸುವುದು ಪಟ್ಟಣದ ದೊಡ್ಡ ಸಂಸ್ಥೆಗೆ ಒಂದು ಕಂಪ್ಯೂಟರಿನ ಕೆಲಸ. ಹಳ್ಳಿಯಲ್ಲಿ ನಾಲ್ಕು ಜನ ಸೇರಿ ನಡೆಸುವ ಸಂಘಕ್ಕೆ ನಾಲ್ಕು ತಿಂಗಳ ಓಡಾಟ.

ಸರಿ, ದುಡ್ಡು ಬಂತು ಅಂತಲೇ ಇಟ್ಟುಕೊಳ್ಳಿ. ಎಷ್ಟು ದಿನ? 2021ರ ನಿಯಮದ ಪ್ರಕಾರ ಮುಂದುವರಿಯುವ ಯೋಜನೆ ಎಂದರೆ ಶುರುವಾದ ವರ್ಷ ಬಿಟ್ಟು ಹೆಚ್ಚೆಂದರೆ ಮೂರು ವರ್ಷ. ಅಲ್ಲಿಗೆ ಫೈಲು ಮುಚ್ಚಿತು.

ಯಳಂದೂರು ಕಲಿಸಿದ ಪಾಠ

ಫೈಲು ಮುಚ್ಚಬಹುದು, ಕಾಯಿಲೆ ಮುಚ್ಚಬೇಕಲ್ಲ? ಈ ಲೆಕ್ಕ ಅರ್ಥವಾಗಬೇಕಾದರೆ ಯಳಂದೂರಿನ ಕಡೆ ನೋಡಬೇಕು.

ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದು 1981ರಲ್ಲಿ. ಬೆಟ್ಟದ ಕೆಳಗಿನ ಯಳಂದೂರು ತಾಲ್ಲೂಕಿನಲ್ಲಿ ಆಗ ಕುಷ್ಠರೋಗ ಬಹಳವಾಗಿ ಹಬ್ಬಿತ್ತು. ಅದಕ್ಕೆಂದೇ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. ಆಗಿನ್ನೂ ಈ ಸೀಮೆಯೆಲ್ಲ ಮೈಸೂರು ಜಿಲ್ಲೆ. ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಕುಷ್ಠರೋಗದ ಸ್ವಭಾವ ನೋಡಿ. ರೋಗಾಣು ಮೈ ಹೊಕ್ಕ ಮೇಲೆ ಮಚ್ಚೆ ಕಾಣಿಸಲು ಸರಾಸರಿ 5 ವರ್ಷ ಬೇಕು. ಕೆಲವರಲ್ಲಿ 20 ವರ್ಷ ಆದರೂ ಆದೀತು. ಅಂದರೆ ಈ ವರ್ಷ ಅನುದಾನ ಶುರುವಾದಾಗ ಸೋಂಕು ತಗುಲಿದ ಹುಡುಗನ ಮೈಮೇಲೆ ಮಚ್ಚೆ ಏಳುವ ಹೊತ್ತಿಗೆ, ಅನುದಾನ ಮುಗಿದು ಬೋರ್ಡಿನ ಬಣ್ಣವೂ ಮಾಸಿರುತ್ತದೆ. ಮನೆ ಮನೆಗೆ ಹೋಗಿ ಮೈ ನೋಡಿ "ಏನಪ್ಪಾ, ಇಲ್ಲಿ ಚಿವುಟಿದ್ರೆ ಗೊತ್ತಾಗುತ್ತಾ?" ಎಂದು ಕೇಳುವವರು ಆಗಲೂ ಇರಬೇಕು. ಬಹುವಿಧ ಔಷಧ ಚಿಕಿತ್ಸೆಯಿಂದ ಈ ಕಾಯಿಲೆ ಪೂರ್ತಿ ವಾಸಿಯಾಗುತ್ತದೆ. ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಸಿಗದೇ ಇರುವುದು ಗುಳಿಗೆಯಲ್ಲ, ಹುಡುಕಿಕೊಂಡು ಬರುವ ಮನುಷ್ಯ.

ಬೆಟ್ಟದ ಮೇಲೆ ಇನ್ನೊಂದು ಸಂಕಟ. ಸೋಲಿಗರಲ್ಲಿ ಕುಡಗೋಲು ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕಾಯಿಲೆ ಇದೆ. ಇದು ಹುಟ್ಟಿನಿಂದ ಬಂದದ್ದು, ಸಾಯುವ ತನಕ ಜೊತೆಗಿರುವಂಥದ್ದು. ಇದಕ್ಕೆಂದು ಕೇಂದ್ರ ಸರ್ಕಾರ 2023ರ ಜುಲೈ 1ರಂದು ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದಾಗ ಇಟ್ಟ ಗುರಿ 2047. ಸರ್ಕಾರಕ್ಕೇ 24 ವರ್ಷ ಬೇಕಾದ ಕೆಲಸವನ್ನು ಮೂರು ವರ್ಷದ ಅನುದಾನದಲ್ಲಿ ಮುಗಿಸಿ ಅಂದರೆ ಹೇಗೆ?

ಹಾಗಾದರೆ ಯಳಂದೂರಿನ ಕಡೆ ಕೆಲಸ ನಿಂತದ್ದು ಹೇಗೆ? ಎರಡು ಕಾರಣ. ಒಂದು, ಬಂದವರು ಬೋರ್ಡು ಹಾಕಿ ಬಸ್ಸು ಹತ್ತಲಿಲ್ಲ, ದಶಕಗಟ್ಟಲೆ ಅಲ್ಲೇ ಉಳಿದರು. ಎರಡನೆಯದು ಅದಕ್ಕಿಂತ ಮುಖ್ಯ. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸುವ ಹೊಣೆಯನ್ನು ಸರ್ಕಾರ ಕರುಣಾ ಟ್ರಸ್ಟಿಗೆ ವಹಿಸಿತು. ಸಿಬ್ಬಂದಿ ಖರ್ಚಿನ ದೊಡ್ಡ ಪಾಲು ಸರ್ಕಾರದ್ದು, ನಡೆಸುವ ಜವಾಬ್ದಾರಿ ಟ್ರಸ್ಟಿನದು. ದಾನದ ದುಡ್ಡು ಬೀಜವಾಯಿತು, ನೀರು ಖಜಾನೆಯಿಂದ ಹರಿಯಿತು. ಸುದರ್ಶನ್ ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಬಂದದ್ದು ಎಲ್ಲರಿಗೂ ಗೊತ್ತು. ಗುಂಬಳ್ಳಿಯ ಈ ಸಂಬಳದ ಲೆಕ್ಕ ಗೊತ್ತಿರುವವರು ಕಡಿಮೆ.

ಹೆಗ್ಗಡದೇವನಕೋಟೆಯ ಕಡೆಯೂ ಇಂಥದೇ ಕತೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹಾಡಿಗಳಿಂದ ಶುರುಮಾಡಿ ಸರಗೂರಿನ ಆಸ್ಪತ್ರೆಯವರೆಗೆ ಬೆಳೆಯಿತು. ಅದೂ ಒಂದು ಅನುದಾನದಲ್ಲಿ ಆದ ಕೆಲಸವಲ್ಲ.

ಕಟ್ಟಡವೂ ಬೇಕು, ಆದರೆ...

ಕಟ್ಟಡಕ್ಕೆ ದುಡ್ಡು ಕೊಡುವುದು ತಪ್ಪೆಂದು ಯಾರೂ ಹೇಳಬೇಕಾಗಿಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿಕೊಟ್ಟ 350 ಹಾಸಿಗೆಯ ಕಟ್ಟಡ 2021ರಲ್ಲಿ ತೆರೆಯಿತು. ಮುಂಬಯಿಯಲ್ಲಿ 1941ರಲ್ಲಿ ಟಾಟಾ ಟ್ರಸ್ಟ್ ತೆರೆದ ಕ್ಯಾನ್ಸರ್ ಆಸ್ಪತ್ರೆಯನ್ನು 1957ರಲ್ಲಿ ಕೇಂದ್ರ ಸರ್ಕಾರ ವಹಿಸಿಕೊಂಡಿತು. ಎರಡು ಕಡೆಯೂ ಇಟ್ಟಿಗೆ ದಾನಿಯದು, ನಡೆಸುವ ಹೊಣೆ ಸರ್ಕಾರಿ ವ್ಯವಸ್ಥೆಯದು. ಹಾಗೆ ಹೊಣೆ ಹೊರುವವರು ಇಲ್ಲದ ಕಡೆ ಕಟ್ಟಿದ್ದಕ್ಕೆ ಬೀಗ ಬೀಳುತ್ತದೆ.

ಶಾಲೆಯ ಮೊಟ್ಟೆಯ ವಿಷಯಕ್ಕೂ ಇದೇ ಮಾತು. 2024ರ ಜುಲೈನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ರಾಜ್ಯ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಸರ್ಕಾರ ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆಯನ್ನು ಆರು ದಿನಕ್ಕೆ ಏರಿಸಲು ಪ್ರತಿಷ್ಠಾನದ ಪಾಲು 1,500 ಕೋಟಿ ರೂಪಾಯಿಗೂ ಹೆಚ್ಚು. ಅವಧಿ ಎಷ್ಟು? ಮೂರು ವರ್ಷ. ಒಂದನೇ ಕ್ಲಾಸಿಗೆ ಸೇರಿದ ಮಗು ನಾಲ್ಕನೇ ಕ್ಲಾಸಿಗೆ ಬರುವಾಗ ತಟ್ಟೆಯಲ್ಲಿ ಮೊಟ್ಟೆ ಇರಬೇಕಾದರೆ, ಉಳಿದ ನಾಲ್ಕು ದಿನದ ಬಾಬ್ತನ್ನು ಬಜೆಟ್ಟಿನಲ್ಲಿ ಬರೆಯಬೇಕಾದವರು ವಿಧಾನಸೌಧದಲ್ಲಿದ್ದಾರೆ. ದಾನಿ ದಾರಿ ತೋರಿಸಬಲ್ಲ, ಜೀವಮಾನ ಪೂರ್ತಿ ಹೊತ್ತುಕೊಂಡು ನಡೆಯಲಾರ.

ಇನ್ನು ಹೊರದೇಶದ ಹಣ. ಮೊದಲು ದೊಡ್ಡ ಸಂಸ್ಥೆ ಅದನ್ನು ಪಡೆದು ಹಳ್ಳಿಯ ಸಣ್ಣ ಸಂಘಗಳಿಗೆ ಹಂಚುವುದಿತ್ತು. ವಿದೇಶಿ ವಂತಿಗೆ ಕಾಯ್ದೆಗೆ 2020ರಲ್ಲಿ ಮಾಡಿದ ತಿದ್ದುಪಡಿ ಆ ಹಂಚಿಕೆಯನ್ನು ನಿಲ್ಲಿಸಿತು. ಆಡಳಿತ ವೆಚ್ಚದ ಮಿತಿಯನ್ನೂ ನೂರಕ್ಕೆ 50ರಿಂದ 20ಕ್ಕೆ ಇಳಿಸಿತು. ದುರುಪಯೋಗ ತಡೆಯಲು ಬಿಗಿ ಬೇಕು ಎನ್ನುವುದು ಸರ್ಕಾರದ ವಾದ. ಕೊನೆಗೆ ಹೊಡೆತ ಬಿದ್ದದ್ದು ಮಾತ್ರ ತಾವೇ ನೇರವಾಗಿ ಅರ್ಜಿ ಹಾಕಲು ಶಕ್ತಿ ಇಲ್ಲದ ಸಣ್ಣ ಸಂಘಗಳಿಗೆ.

ಗಲ್ಲಾಪೆಟ್ಟಿಗೆ ಪಕ್ಕದ ಡಬ್ಬ

ಹಾಗಾದರೆ ಅಂಗಡಿಯವರು, ದಿನಾ ಬಸ್ಸಿನಲ್ಲಿ ಓಡಾಡುವವರು ಮಾಡಬಹುದಾದದ್ದೇನು? ಕಂಪನಿಯ ಕೋಟಿಗಳು ಮಾಡದ ಕೆಲಸವನ್ನು ಗಲ್ಲಾಪೆಟ್ಟಿಗೆ ಪಕ್ಕದ ಡಬ್ಬ ಮಾಡಬಲ್ಲದು. ಆ ಚಿಲ್ಲರೆಗೆ ಮೂರು ವರ್ಷದ ಗಡುವಿಲ್ಲ. ಊರಿನ ಐವತ್ತು ಅಂಗಡಿ ತಿಂಗಳಿಗೆ ಇನ್ನೂರು ರೂಪಾಯಿ ಎತ್ತಿಟ್ಟರೆ ಹತ್ತು ಸಾವಿರ. ಮನೆ ಮನೆ ಸುತ್ತುವ ಒಬ್ಬ ಕಾರ್ಯಕರ್ತೆಯ ಸಂಬಳಕ್ಕೆ ಅದು ದೊಡ್ಡ ಆಸರೆ. ಬೇಕಾದ್ದು ಹೆಸರು ಬರೆಸುವ ಆಸೆಯನ್ನು ಸ್ವಲ್ಪ ಬಿಡುವುದು.

ಕೊಡುವ ಮುಂಚೆ ಕೇಳುವುದನ್ನು ಮಾತ್ರ ಬಿಡಬಾರದು. ನೋಂದಣಿ ಸಂಖ್ಯೆ ಕೇಳಿ, ಹಿಂದಿನ ವರ್ಷದ ಆಡಿಟ್ ವರದಿ ಕೇಳಿ, ರಸೀದಿ ಕೇಳಿ. 80ಜಿ ರಸೀದಿ ಎಂದು ಜನ ಕರೆಯುವ ತೆರಿಗೆ ರಿಯಾಯಿತಿ, 2017ರ ಬಜೆಟ್ಟಿನ ಬದಲಾವಣೆಯ ನಂತರ 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಸಿಗುವುದಿಲ್ಲ. ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಬೇಕು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಈ ರಿಯಾಯಿತಿಯೇ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. "ಏನು ಕಟ್ಟಿಸ್ತೀರಿ?" ಅಂತ ಕೇಳುವುದು ಸಾಕು. "ನಾಲ್ಕನೇ ವರ್ಷ ಇಲ್ಲಿ ಯಾರಿರ್ತಾರೆ, ಅವರಿಗೆ ಸಂಬಳ ಕೊಡೋರು ಯಾರು?" ಅಂತ ಕೇಳಿ. ನೆಟ್ಟಗೆ ಉತ್ತರ ಕೊಟ್ಟವರ ಡಬ್ಬಕ್ಕೆ ಚಿಲ್ಲರೆ ಬೀಳಲಿ. ತಡವರಿಸಿದವರು ಇನ್ನೊಂದು ಸಿಮೆಂಟ್ ಬೆಂಚು ಹಾಕಿಸಿ ಹೋಗಲಿ. ಸಿಸ್ಟರ್ ಬರುವ ತನಕ ರೋಗಿಗಳು ಕೂತು ಕಾಯುವುದಕ್ಕಾದರೂ ಆದೀತು!